ಔಷಧಿಗೆ ದುಡ್ಡು ಸಿಗುತ್ತದೆ, ಫೋನ್ ಎತ್ತುವವರ ಸಂಬಳಕ್ಕೆ ಸಿಗುವುದಿಲ್ಲ. ನಿಮ್ಮ ಕಡೆ ಹೇಗೆ ನಡೆಸುತ್ತೀರಿ?

ಖಜಾಂಚಿ, ಹಾಸನ

ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಒಂದು ಸಣ್ಣ ಟ್ರಸ್ಟಿನ ಲೆಕ್ಕ ನೋಡಿಕೊಳ್ಳುತ್ತೇನೆ. ಟ್ರಸ್ಟಿನ ಹೆಸರು ಹಾಕುತ್ತಿಲ್ಲ, ಚಂದಾ ಕೇಳಲು ಬಂದಿಲ್ಲ. ತಿಂಗಳುಗಟ್ಟಲೆ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಒಂದಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಆಸ್ಪತ್ರೆ ಇಲ್ಲ, ಡಾಕ್ಟರಿಲ್ಲ. ನಮ್ಮದು ಚಿಕಿತ್ಸೆಯ ಆಚೀಚಿನ ಕೆಲಸ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ದಾರಿ ಖರ್ಚು ಕೊಡುತ್ತೇವೆ. ಉಳಿಯಲು ಜಾಗ ಹುಡುಕುತ್ತೇವೆ. ಕಾರ್ಡು, ಕಾಗದಪತ್ರ ಸರಿ ಮಾಡಿಸುತ್ತೇವೆ. ಊರಿಗೆ ವಾಪಸ್ ಬಂದ ಮೇಲೆ ಫೋನ್ ಮಾಡಿ ವಿಚಾರಿಸುತ್ತೇವೆ.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆಯಲ್ಲ, ನೀವು ಯಾಕೆ ಅಂತ ಕೇಳುವವರಿದ್ದಾರೆ. ಆ ಯೋಜನೆಯಿಂದ ಎಷ್ಟೋ ಮನೆ ಉಳಿದಿದೆ, ಎರಡು ಮಾತಿಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಆ ದುಡ್ಡು ಹೋಗುವುದು ಆಸ್ಪತ್ರೆಯ ಬಿಲ್ಲಿಗೆ. ರೇಡಿಯೇಷನ್ ಅಂದರೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಐದಾರು ವಾರ. ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ದಿನಾ ಹೋಗಿ ಬರುವ ಮಾತೇ ಇಲ್ಲ. ಜೊತೆಗೆ ಒಬ್ಬರು ಇರಲೇಬೇಕು, ಅವರ ಕೂಲಿ ಹೋಯಿತು. ಇಬ್ಬರ ಊಟ, ರೂಮ್ ಬಾಡಿಗೆ. ಊರಲ್ಲಿ ಹಸು ನೋಡಿಕೊಳ್ಳುವವರಿಗೆ ಏನಾದರೂ ಕೊಡಬೇಕು. ಚಿಕಿತ್ಸೆ ಪುಕ್ಕಟೆ ಇದ್ದರೂ ಅರ್ಧಕ್ಕೆ ಬಿಟ್ಟು ಬಂದವರನ್ನು ನಾನೇ ನೋಡಿದ್ದೇನೆ. ಬಿಟ್ಟಿದ್ದು ಇದಕ್ಕೇ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ವೀಲ್‌ಚೇರ್ ಬೇಕು ಅಂದರೆ ಸಾಕು, ತಂದುಕೊಡುವವರು ಇದ್ದಾರೆ. ಮಾತ್ರೆ, ಹಣ್ಣು, ಕಂಬಳಿ, ಇದಕ್ಕೆಲ್ಲ ದಾನಿಗಳು ಸಿಗುತ್ತಾರೆ. ಆಫೀಸಿನಲ್ಲಿ ಕೂತು ಫೋನ್ ಎತ್ತುವ ಹುಡುಗಿಯ ಸಂಬಳಕ್ಕೆ ಕೊಡಿ ಅಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. "ಸೇವೆಗೂ ಸಂಬಳವಾ?" ಅಂತ ಒಬ್ಬರು ಮುಖಕ್ಕೇ ಕೇಳಿದರು.

ಅವಳು ಮಾಡುವ ಕೆಲಸ ಏನು ಅಂತ ಹೇಳುತ್ತೇನೆ. ಕಳೆದ ಮಳೆಗಾಲ. ಆಡಿಟ್ ಹತ್ತಿರ ಬಂದಿತ್ತು, ರಾತ್ರಿ ಒಂಬತ್ತೂವರೆ ಆದರೂ ಇಬ್ಬರೂ ರಸೀದಿ ಜೋಡಿಸುತ್ತಾ ಕೂತಿದ್ದೆವು. ಆಲೂರು ಕಡೆಯಿಂದ ಫೋನ್ ಬಂತು. ಕೀಮೋ ಮುಗಿಸಿ ಬಂದು ಎಂಟು ದಿನ ಆಗಿದೆ. "ಅಮ್ಮಂಗೆ ಸ್ವಲ್ಪ ಮೈ ಬಿಸಿ. ಮಾತ್ರೆ ಕೊಟ್ಟಿದ್ದೀವಿ, ಬೆಳಿಗ್ಗೆ ನೋಡೋಣ ಅಂತಿದ್ದೀವಿ." ಇವಳು ಥರ್ಮಾಮೀಟರ್ ಇದೆಯಾ ಅಂತ ಕೇಳಿದಳು. ಇತ್ತು, ನಾವೇ ಕೊಟ್ಟಿದ್ದು. ಫೋನ್ ಇಡದೆ ನೋಡಿಸಿದಳು. 101. "ಅಕ್ಕ, ಬೆಳಿಗ್ಗೆ ತನಕ ಕಾಯಬೇಡಿ. ಕೀಮೋ ಆದಮೇಲೆ ಬಿಳಿ ರಕ್ತಕಣ ಕಡಿಮೆ ಇರುತ್ತೆ. 100.4 ದಾಟಿದ್ರೆ ಆಸ್ಪತ್ರೆಗೆ ಹೋಗಲೇಬೇಕು. ಫೈಲ್ ತಗೊಳ್ಳಿ, ಈಗಲೇ ಹೊರಡಿ." ಆಮೇಲೆ 108ಕ್ಕೆ ಫೋನ್, ಆಸ್ಪತ್ರೆಯ ತುರ್ತು ವಿಭಾಗಕ್ಕೆ ಫೋನ್, ನಡುವೆ ಮತ್ತೆ ಮನೆಯವರಿಗೆ ಫೋನ್. ಜಡಿ ಮಳೆ, ಸಿಗ್ನಲ್ ಕಟ್ ಆಗುತ್ತಿತ್ತು. ರಸೀದಿಯ ಹಿಂಬದಿಯಲ್ಲೇ ಟೈಮ್ ಬರೆದುಕೊಳ್ಳುತ್ತಿದ್ದಳು. 9.42, 9.50, 10.15.

ಆ ತಾಯಿ ಒಂದು ವಾರ ಅಡ್ಮಿಟ್ ಆಗಿದ್ದು ಮನೆಗೆ ಬಂದರು. ನನ್ನ ಪುಸ್ತಕದಲ್ಲಿ ಆ ರಾತ್ರಿಯ ಹೆಸರಿನಲ್ಲಿ ಒಂದು ರೂಪಾಯಿಯೂ ಇಲ್ಲ. ಅದು "ಸಿಬ್ಬಂದಿ ಸಂಬಳ" ಅನ್ನುವ ಸಾಲಿನೊಳಗೆ ಸೇರಿಹೋಗಿದೆ. ದಾನಿಗಳು ಮೊದಲು ಬೆರಳಿಟ್ಟು ತೋರಿಸುವುದು ಅದೇ ಸಾಲನ್ನು.

ನಿಮ್ಮ ಕಡೆ ಇಂಥ ಕೆಲಸಕ್ಕೆ ದುಡ್ಡು ಹೇಗೆ ಹೊಂದಿಸುತ್ತೀರಿ? ತಿಳಿದವರು ದಯವಿಟ್ಟು ಹೇಳಿ.

ಬೇಲೂರಿನ ಮಗಳು

ಸರ್, ಓದಿ ಕಣ್ಣು ತುಂಬಿತು. ನನ್ನಮ್ಮನದು ಗರ್ಭಕಂಠದ ಕ್ಯಾನ್ಸರ್. ಈಗ ಹುಷಾರಾಗಿದ್ದಾರೆ.

ನಮಗೆ ನೆರವು ಕೊಟ್ಟ ಸಂಸ್ಥೆ ಬೇರೆ. ಅವರ ನಿಯಮ, ರೋಗಿಯ ಟಿಕೆಟ್ ದುಡ್ಡು ಮಾತ್ರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮನಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೇ ಬೇಡವಾಯಿತು. ಆದರೆ ಜೊತೆಗೆ ಹೋಗುತ್ತಿದ್ದವರು ಅಪ್ಪ. ಅವರ ಟಿಕೆಟ್ಟಿಗೆ ಯಾರೂ ಕೊಡಲಿಲ್ಲ. ನಿಯಮ ಬರೆದಾಗ ಇಂಥದ್ದು ಬರುತ್ತದೆ ಅಂತ ಅವರಿಗೂ ಗೊತ್ತಿರಲಿಲ್ಲ, ಬಿಡಿ. ಆದರೆ ವರ್ಷಕ್ಕೊಮ್ಮೆಯಾದರೂ ಕೂತು, ಈಗ ಜನರ ಕೈಯಿಂದ ನಿಜವಾಗಿ ಖರ್ಚಾಗುತ್ತಿರುವುದು ಯಾವುದಕ್ಕೆ ಅಂತ ನೋಡಬೇಕು.

ಇನ್ನೊಂದು, ರೈಲು. ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ 2017ರಿಂದ ರೈಲಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲೂ 3ನೇ ದರ್ಜೆ ಎಸಿಯಲ್ಲೂ ಪೂರ್ತಿ ಉಚಿತ, ಜೊತೆಯವರಿಗೆ ಶೇ 75 ರಿಯಾಯಿತಿ. ಆಸ್ಪತ್ರೆಯಿಂದ ನಮೂನೆಯ ಪತ್ರ ಬೇಕು. ನಮಗೆ ಇದು ಗೊತ್ತಾಗಿದ್ದು ಚಿಕಿತ್ಸೆ ಮುಗಿಯುವ ಹೊತ್ತಿಗೆ. ನಿಮ್ಮ ಆ ಹುಡುಗಿಯಂಥವರು ಒಬ್ಬರು ಮೊದಲೇ ಹೇಳಿದ್ದರೆ ಅಪ್ಪ ಸಾಲ ಮಾಡುತ್ತಿರಲಿಲ್ಲ.

ಖಜಾಂಚಿ, ಹಾಸನ

ಹೌದು ತಂಗಿ. ಈ ಮಾತು ನನಗೂ ಮೊದಲು ಹೊಳೆದಿರಲಿಲ್ಲ. ರೈಲಿನ ಪತ್ರ ಒಂದು ಮಾಡಿಸಿಕೊಟ್ಟರೆ ಟ್ರಸ್ಟಿನ ದಾರಿ ಖರ್ಚೇ ಉಳಿಯುತ್ತದೆ. ಅಂದರೆ ಆ ಸಂಬಳದಿಂದ ದುಡ್ಡು ಉಳಿಯುತ್ತಿದೆ. ಇದನ್ನು ದಾನಿಗಳ ಮುಂದೆ ಹೇಳಬೇಕು. ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ.

ಮೂಡಿಗೆರೆ ಕಾಫಿ

ಖಜಾಂಚಿಗಳೇ, ನಾನು ಕೊಡುವ ಕಡೆಯವನು. ಮನಸ್ಸಿನಲ್ಲಿ ಇದ್ದಿದ್ದನ್ನು ಹೇಳುತ್ತೇನೆ, ಬೇಜಾರಾಗಬೇಡಿ.

ಹಿಂದೆ ಒಂದು ಸಂಸ್ಥೆಗೆ ಹತ್ತು ವರ್ಷ ಕೊಟ್ಟೆ. ಕೊನೆಗೆ ನೋಡಿದರೆ ರೋಗಿಗಳಿಗೆ ಹೋಗಿದ್ದು ಚೂರುಪಾರು. ಕಾರು ಬಂತು, ಸಮಾರಂಭಕ್ಕೆ ಶಾಮಿಯಾನ, ಶಾಲು, ಹಾರ, ಫಲಕ ಬಂತು. ಅವತ್ತಿನಿಂದ ವಸ್ತು ಬಿಟ್ಟು ದುಡ್ಡು ಕೊಡುವುದಿಲ್ಲ ಅಂತ ನಿರ್ಧಾರ ಮಾಡಿದೆ. ಸಂಬಳ ಅಂದ ಕೂಡಲೇ ನಮ್ಮಂಥವರು ಹಿಂದೆ ಸರಿಯುವುದು ಇಂಥ ಅನುಭವದಿಂದ. ಜಿಪುಣತನ ಅಂತ ತಿಳಿಯಬೇಡಿ.

ಆದರೆ ಆಲೂರಿನ ಆ ರಾತ್ರಿಯ ವಿಷಯ ಓದಿದ ಮೇಲೆ ಯೋಚನೆ ಶುರುವಾಗಿದೆ. ಎರಡು ಪ್ರಶ್ನೆ. ಒಂದು, ನಾವು ಕೊಡುವುದು ಕಾಫಿ ಮಾರಿದ ಮೇಲೆ. ಅರೇಬಿಕಾ ಕೊಯ್ಲು ಮುಗಿದು, ಒಣಗಿಸಿ, ಮಾರಿ, ಕೈಗೆ ದುಡ್ಡು ಬರುವುದು ಫೆಬ್ರವರಿ, ಮಾರ್ಚ್ ಹೊತ್ತಿಗೆ. ಅದು ನಿಮಗೆ ಅನುಕೂಲವಾ, ತೊಂದರೆಯಾ? ಎರಡು, ಮಗ ಅಮೆರಿಕದಲ್ಲಿದ್ದಾನೆ, ಅವನೂ ಕಳಿಸುತ್ತೇನೆ ಅನ್ನುತ್ತಾನೆ. ತಗೋಬಹುದಾ?

ಲೆಕ್ಕದ ಮನೆ, ಚಿಕ್ಕಮಗಳೂರು

ಎರಡನೆಯದಕ್ಕೆ ನಾನು ಹೇಳುತ್ತೇನೆ. ಟ್ರಸ್ಟ್‌ಗಳ ಆಡಿಟ್ ಮಾಡುವುದೇ ನನ್ನ ವೃತ್ತಿ.

ಮಗ ಇನ್ನೂ ಭಾರತದ ಪಾಸ್‌ಪೋರ್ಟಿನಲ್ಲಿದ್ದು, ತನ್ನ ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಆಗ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಇರಲೇಬೇಕು. 2020ರ ತಿದ್ದುಪಡಿ ಆದಮೇಲೆ ಆ ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ಖರ್ಚು ಶೇ 20 ದಾಟಬಾರದು. ಸಣ್ಣ ಟ್ರಸ್ಟ್‌ಗಳು ಇದಕ್ಕೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಿ. ಮಲೆನಾಡಿನ ಎಷ್ಟೋ ಮನೆಯ ಮಕ್ಕಳು ಹೊರಗಿದ್ದಾರೆ, ಪ್ರೀತಿಯಿಂದ ಕಳಿಸುತ್ತಾರೆ. ಪಾಸ್‌ಪೋರ್ಟ್ ಯಾವುದು ಅಂತ ಕೇಳಲು ಸಂಕೋಚಪಟ್ಟು ಆಮೇಲೆ ಪೇಚಾಡಬೇಡಿ.

80ಜಿ ಅಂತ ನಾವೆಲ್ಲ ಕರೆಯುವ, ದಾನಿಗೆ ಸಿಗುವ ತೆರಿಗೆ ರಿಯಾಯಿತಿ ಬಗ್ಗೆಯೂ ಒಂದು ಮಾತು. ನಗದು ಕೊಟ್ಟರೆ 2000 ರೂಪಾಯಿ ಮೀರಿದ ದೇಣಿಗೆಗೆ ಅದು ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಗೆ ಹೋದವರಿಗಂತೂ ಸಿಗುವುದೇ ಇಲ್ಲ. ಈಗ ಜಾಸ್ತಿ ಜನ ಹೊಸದಕ್ಕೆ ಹೋಗಿದ್ದಾರೆ. "ತೆರಿಗೆ ಉಳಿಯುತ್ತದೆ, ಕೊಡಿ" ಅನ್ನುವ ಮಾತು ಮೊದಲಿನಷ್ಟು ನಡೆಯುವುದಿಲ್ಲ. ಕೆಲಸ ತೋರಿಸಿಯೇ ಕೇಳಬೇಕು.

ಖಜಾಂಚಿ, ಹಾಸನ

ಮೂಡಿಗೆರೆಯವರೇ, ನಿಮ್ಮ ಮೊದಲ ಪ್ರಶ್ನೆ ನನ್ನ ನಿದ್ದೆ ಕೆಡಿಸುವ ಪ್ರಶ್ನೆ.

ಕಾಫಿ ಕಡೆಯ ದುಡ್ಡು ಮಾರ್ಚ್‌ನಲ್ಲಿ ಬರುತ್ತದೆ. ನಮಗೆ ಕಷ್ಟದ ಕಾಲ ಜೂನ್‌ನಿಂದ ಸೆಪ್ಟೆಂಬರ್. ಆಗ ತೋಟದಲ್ಲಿ ಕೂಲಿ ಕಡಿಮೆ. ಮಳೆಗೆ ರಸ್ತೆ ಕೆಡುತ್ತದೆ. ಮಂಗಳೂರಿನ ಆಸ್ಪತ್ರೆಗೆ ಹೋಗುವವರು ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಸುತ್ತಿ ಹೋಗಬೇಕು, ಖರ್ಚು ಇನ್ನೂ ಹೆಚ್ಚು. ರೋಗಿಗಳ ಬೇಡಿಕೆ ಏರುವಾಗಲೇ ನಮ್ಮ ಖಾತೆ ಬತ್ತಿರುತ್ತದೆ.

ಜೊತೆಗೆ ಟ್ರಸ್ಟ್ ತನ್ನ ವರ್ಷದ ಆದಾಯದ ಶೇ 85ನ್ನು ಅದೇ ವರ್ಷ ಉದ್ದೇಶಕ್ಕೆ ಖರ್ಚು ಮಾಡಬೇಕು. ಮಾರ್ಚ್ 20ಕ್ಕೆ ಬಂದ ದೊಡ್ಡ ದೇಣಿಗೆಯನ್ನು 31ರೊಳಗೆ ಹೇಗೆ ಖರ್ಚು ಮಾಡುವುದು? ಒಂದು ವರ್ಷ ಅವಸರದಲ್ಲಿ ಕಂಬಳಿ ಕೊಂಡು ಹಂಚಿದೆವು. ಏಪ್ರಿಲ್ ಬಿಸಿಲಿನಲ್ಲಿ ಕಂಬಳಿ ಹಿಡಿದು ಹೋದ ಅಜ್ಜಿಯ ಮುಖ ಈಗಲೂ ಕಣ್ಣ ಮುಂದಿದೆ. ಆಮೇಲೆ ಜುಲೈನಲ್ಲಿ ದಾರಿ ಖರ್ಚಿಗೆ ಕೈ ಕಟ್ಟಿತು. ಆ ತಪ್ಪು ನನ್ನದೇ.

ಲೆಕ್ಕದ ಮನೆ, ಚಿಕ್ಕಮಗಳೂರು

ಸರ್, ಅದಕ್ಕೆ ದಾರಿ ಇದೆ. ಇಂಥ ಉದ್ದೇಶಕ್ಕೆ ತೆಗೆದಿಡುತ್ತೇವೆ ಅಂತ ಟ್ರಸ್ಟಿಗಳು ನಿರ್ಣಯ ಮಾಡಿ, ಆದಾಯ ತೆರಿಗೆ ಇಲಾಖೆಗೆ ಸಮಯಕ್ಕೆ ಸರಿಯಾಗಿ ಅರ್ಜಿ ನಮೂನೆ ಸಲ್ಲಿಸಿದರೆ 5 ವರ್ಷದವರೆಗೆ ಇಟ್ಟುಕೊಂಡು ಖರ್ಚು ಮಾಡಬಹುದು. ಉದ್ದೇಶ ಸ್ಪಷ್ಟ ಇರಬೇಕು. "ಮಳೆಗಾಲದ ಪ್ರಯಾಣ ನೆರವು" ಅಂತ ಬರೆಯಿರಿ, "ಟ್ರಸ್ಟಿನ ಕೆಲಸಗಳಿಗೆ" ಅಂತ ಬರೆದರೆ ಆಗದು.

ಮೂಲನಿಧಿ ಬೇರೆ. ದಾನಿಯೇ ಇದು ಮೂಲನಿಧಿಗೆ ಅಂತ ಬರೆದು ಕೊಟ್ಟರೆ ಅಸಲು ಹಾಗೇ ಇದ್ದು ಬಡ್ಡಿ ಮಾತ್ರ ಖರ್ಚಾಗುತ್ತದೆ.

ಅರಸೀಕೆರೆ ಮೇಷ್ಟ್ರು

ನಾನು ನಿವೃತ್ತ ಮೇಷ್ಟ್ರು. ನಾವು ಚಿಕ್ಕವರಿದ್ದಾಗ ಮನೆಯಲ್ಲಿ ಮುಷ್ಟಿ ಅಕ್ಕಿ ಎತ್ತಿಡುತ್ತಿದ್ದರು. ಅಮ್ಮ ಅನ್ನಕ್ಕೆ ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುತ್ತಿದ್ದಳು. ತಿಂಗಳ ಕೊನೆಗೆ ಬಂದು ಒಯ್ಯುತ್ತಿದ್ದರು. ಎಷ್ಟೋ ಹುಡುಗರು ಹಾಸ್ಟೆಲಿನಲ್ಲಿ ಉಂಡು ಓದಿದ್ದು ಅದರಲ್ಲಿ. ಬಡವರ ಮನೆಯಲ್ಲೂ ಆ ಡಬ್ಬಿ ಇರುತ್ತಿತ್ತು.

ಕೇರಳದಲ್ಲಿ ಇದೇ ರೀತಿ ನಡೆದಿದೆ. ಕೋಯಿಕ್ಕೋಡ್‌ನಲ್ಲಿ 1993ರಲ್ಲಿ ನೋವು ಶಮನಕ್ಕೆ, ಆರೈಕೆಗೆ ಅಂತ ಒಂದು ಸೊಸೈಟಿ ಶುರುವಾಯಿತು. ಆಮೇಲೆ ಮಲಪ್ಪುರಂ ಕಡೆ ನೆರೆಹೊರೆಯವರೇ ಸೇರಿ ಮನೆ ಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಜಾಲ ಕಟ್ಟಿದರು. ದುಡ್ಡಿನ ದೊಡ್ಡ ಪಾಲು ಊರಿನವರ ಸಣ್ಣ ಸಣ್ಣ ದೇಣಿಗೆ. ಅಂಗಡಿ ಡಬ್ಬಿ, ತಿಂಗಳ ವಂತಿಗೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ಹಾಸನ, ಚಿಕ್ಕಮಗಳೂರಿನಲ್ಲಿ ಬೇಕರಿಗಳು ಎಷ್ಟಿವೆ ನೋಡಿ. ಒಂದೊಂದು ಬೇಕರಿಯಲ್ಲಿ ಒಂದು ಡಬ್ಬಿ ಇಡೋಣ.

ಲೆಕ್ಕದ ಮನೆ, ಚಿಕ್ಕಮಗಳೂರು

ಮೇಷ್ಟ್ರೇ, ಮನಸ್ಸಿಗೆ ಹತ್ತಿರದ ಮಾತು. ಆದರೆ ಡಬ್ಬಿಯಲ್ಲಿ ಒಂದು ತೊಡಕಿದೆ. ಅದು ಯಾರು ಕೊಟ್ಟರು ಅಂತ ಗೊತ್ತಿಲ್ಲದ ಹಣ. ದೇವಸ್ಥಾನದ ಹುಂಡಿಗೆ ವಿನಾಯಿತಿ ಇದೆ. ಆರೋಗ್ಯದ ಟ್ರಸ್ಟಿಗೆ ಇಲ್ಲ. ಇಂಥ ಅನಾಮಧೇಯ ಹಣ ವರ್ಷಕ್ಕೆ 1 ಲಕ್ಷ, ಅಥವಾ ಒಟ್ಟು ದೇಣಿಗೆಯ ಶೇ 5, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮೀರಿದರೆ, ಮೀರಿದ ಭಾಗಕ್ಕೆ ಶೇ 30 ತೆರಿಗೆ. ಡಬ್ಬಿ ಇಡಿ, ಲಕ್ಷದೊಳಗೆ ಇರಲಿ. ಅದಕ್ಕಿಂತ ನೀವೇ ಹೇಳಿದ ತಿಂಗಳ ವಂತಿಗೆ ಒಳ್ಳೆಯದು. ಹೆಸರು, ವಿಳಾಸ ಬರೆದುಕೊಂಡು ರಸೀದಿ ಹರಿದುಕೊಟ್ಟರೆ ಆಯಿತು.

ಅರಸೀಕೆರೆ ಮೇಷ್ಟ್ರು

ಇದು ನನಗೆ ಗೊತ್ತೇ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದಿರಿ ಹೇಳಿ. ಹಾಗಾದರೆ ವಂತಿಗೆಯೇ ಸರಿ. ಒಂದು ಲೆಕ್ಕ ಮಾಡಿದೆ. 200 ಮನೆ, ತಿಂಗಳಿಗೆ 100 ರೂಪಾಯಿ. ತಿಂಗಳಿಗೆ 20,000, ವರ್ಷಕ್ಕೆ 2,40,000. ಇಷ್ಟೇ ದುಡ್ಡು ಶೇ 6ರ ಬಡ್ಡಿಯಿಂದ ಬರಬೇಕಾದರೆ 40 ಲಕ್ಷ ಠೇವಣಿ ಇಡಬೇಕು! 40 ಲಕ್ಷ ಕೊಡುವ ಒಬ್ಬರನ್ನು ಎಲ್ಲಿ ಹುಡುಕುವುದು? ನೂರು ರೂಪಾಯಿ ಕೊಡುವ ಇನ್ನೂರು ಮನೆ ನಮ್ಮ ಒಂದೆರಡು ಬೀದಿಯಲ್ಲೇ ಇವೆ.

ಸಕಲೇಶಪುರದವ

ಕಂಪನಿಗಳ ಸಿಎಸ್ಆರ್, ಅಂದರೆ ಸಾಮಾಜಿಕ ಹೊಣೆಯ ಹಣದ ಬಗ್ಗೆ ಯಾರೂ ಹೇಳಲಿಲ್ಲ? 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದಲ್ಲಿ ಶೇ 2 ಖರ್ಚು ಮಾಡಲೇಬೇಕು. ಹಾಸನದಲ್ಲಿ ಕೈಗಾರಿಕಾ ಪ್ರದೇಶವೇ ಇದೆ.

ಲೆಕ್ಕದ ಮನೆ, ಚಿಕ್ಕಮಗಳೂರು

ಕೇಳಬಹುದು. ಟ್ರಸ್ಟ್ 3 ವರ್ಷ ಕೆಲಸ ಮಾಡಿರಬೇಕು, ಸಿಎಸ್ಆರ್-1 ಅನ್ನುವ ನಮೂನೆಯಲ್ಲಿ ನೋಂದಣಿ ಬೇಕು. ಆಡಳಿತ ಖರ್ಚು ಶೇ 5 ದಾಟಬಾರದು ಅನ್ನುವ ನಿಯಮ ಇದೆಯಲ್ಲ, ಅದು ಕಂಪನಿ ತನ್ನ ಸಿಎಸ್ಆರ್ ವ್ಯವಹಾರಕ್ಕೆ ಮಾಡುವ ಸಾಮಾನ್ಯ ಆಡಳಿತದ ಖರ್ಚಿಗೆ. ಯೋಜನೆಯನ್ನೇ ನಡೆಸುವವರ ಸಂಬಳ ಅದರಲ್ಲಿ ಬರುವುದಿಲ್ಲ. ಎಷ್ಟೋ ಟ್ರಸ್ಟ್‌ನವರು ಇದು ಗೊತ್ತಿಲ್ಲದೆ ಫೋನ್ ಎತ್ತುವವರ ಸಂಬಳವನ್ನು "ಆಫೀಸ್ ಖರ್ಚು" ಅಂತ ಬರೆದು ತಾವೇ ಕಳೆದುಕೊಳ್ಳುತ್ತಾರೆ. ಖಜಾಂಚಿಗಳೇ, ನಿಮ್ಮ ಆ ಹುಡುಗಿ ಆಫೀಸ್ ಖರ್ಚಲ್ಲ. ನಿಮ್ಮ ಸೇವೆಯೇ ಅವಳು. "ರೋಗಿ ಮಾರ್ಗದರ್ಶನ ಸೇವೆ" ಅಂತ ಸಾಲು ಬದಲಿಸಿ. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ, ಇರುವುದನ್ನು ಇರುವ ಹಾಗೆ ಬರೆದಂತೆ. ಬಾಡಿಗೆ, ಕರೆಂಟು, ಆಡಿಟ್ ಫೀಸು, ಇವು ಆಫೀಸ್ ಖರ್ಚು. ಅದನ್ನೂ ಮರೆಮಾಚದೆ ಹಾಕಿ.

ನಿವೃತ್ತ ಸಿಸ್ಟರ್

ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಇದ್ದವಳು. ಯಾರಿಂದ ತಗೋಬಾರದು ಅನ್ನುವುದನ್ನೂ ಮಾತಾಡಬೇಕು ಅನ್ನಿಸಿತು.

ಒಂದು ಟ್ರಸ್ಟಿನ ಜೊತೆ ಕೆಲಸ ಮಾಡುತ್ತಿದ್ದಾಗ ಒಂದು ಖಾಸಗಿ ಆಸ್ಪತ್ರೆ ಮುಂದೆ ಬಂತು. ಪ್ರತಿ ತಿಂಗಳು ಉಚಿತ ತಪಾಸಣೆ ಕ್ಯಾಂಪು, ಟ್ರಸ್ಟಿಗೆ ವರ್ಷಕ್ಕೆ ಇಷ್ಟು ದೇಣಿಗೆ. ಎಲ್ಲರಿಗೂ ಖುಷಿ. ಆರು ತಿಂಗಳಲ್ಲಿ ನೋಡಿದರೆ ಕ್ಯಾಂಪಿಗೆ ಬಂದವರೆಲ್ಲ ಅದೇ ಆಸ್ಪತ್ರೆಗೆ ಹೋಗುತ್ತಿದ್ದಾರೆ. ಸರ್ಕಾರಿ ಕಡೆ ಪುಕ್ಕಟೆ ಆಗುವ ಕೆಲಸಕ್ಕೂ ಜಮೀನು ಅಡ ಇಟ್ಟರು. ನಮ್ಮನ್ನು ನಂಬಿ ಹೋದರು. "ಸಿಸ್ಟರ್, ನೀವು ಹೇಳಿದ್ದಕ್ಕೆ ಹೋದ್ವಿ" ಅಂತ ಒಬ್ಬ ಅಣ್ಣ ಹೇಳಿದಾಗ ನನ್ನ ಬಾಯಲ್ಲಿ ಮಾತೇ ಹೊರಡಲಿಲ್ಲ.

ಔಷಧಿ ಕಂಪನಿ ದುಡ್ಡೂ ಅಷ್ಟು ಸರಳ ಅಲ್ಲ. ರಕ್ತದ ಕ್ಯಾನ್ಸರಿಗೆ ಗ್ಲಿವೆಕ್ ಅಂತ ಮಾತ್ರೆ ಬಂತು. ತುಂಬ ದುಬಾರಿ. ನೊವಾರ್ಟಿಸ್ ಕಂಪನಿ ಮ್ಯಾಕ್ಸ್ ಫೌಂಡೇಶನ್ ಮೂಲಕ ನಮ್ಮ ದೇಶದಲ್ಲಿ ಬಹಳ ರೋಗಿಗಳಿಗೆ ಅದನ್ನು ಪುಕ್ಕಟೆ ಕೊಟ್ಟಿತು. ಅದರಿಂದ ಬದುಕಿದವರಿದ್ದಾರೆ. ಅದೇ ಕಂಪನಿ ಆ ಮಾತ್ರೆಯ ಪೇಟೆಂಟಿಗಾಗಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2013ರ ಏಪ್ರಿಲ್ 1ರಂದು ಕೋರ್ಟ್ ಪೇಟೆಂಟ್ ಇಲ್ಲ ಅಂತ ಹೇಳಿತು. ಕಡಿಮೆ ಬೆಲೆಯ ಜೆನೆರಿಕ್ ಮಾತ್ರೆ ಉಳಿಯಿತು. ಪುಕ್ಕಟೆ ಕೊಟ್ಟಿದ್ದೂ ನಿಜ, ಪೇಟೆಂಟಿಗೆ ಹೋರಾಡಿದ್ದೂ ನಿಜ. ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುತ್ತದೆ ಅಂತ ರೋಗಿಗೆ ಹೇಳಬೇಕಾದಾಗ ನಮ್ಮ ನಾಲಿಗೆ ತಡವರಿಸಬಾರದು. ಯಾವ ದುಡ್ಡು ನಾಲಿಗೆ ಕಟ್ಟುತ್ತದೋ ಅದು ಬೇಡ.

ಸಕಲೇಶಪುರದವ

ಸಿಸ್ಟರ್, ಒಂದು ವಿಷಯಕ್ಕೆ ನಾನು ಒಪ್ಪುವುದಿಲ್ಲ. ದುಡ್ಡಿಲ್ಲದೆ ರೋಗಿ ಮನೆಯಲ್ಲೇ ಉಳಿಯುವುದಕ್ಕಿಂತ ಕಂಪನಿ ದುಡ್ಡು ತಗೊಂಡು ಕಳಿಸುವುದು ಮೇಲಲ್ವಾ? ಷರತ್ತು ಹಾಕಿ ತಗೊಳ್ಳಲಿ. ರೋಗಿಯ ಹೆಸರು, ಫೋನ್ ನಂಬರ್ ಕೊಡುವುದಿಲ್ಲ, ಬ್ಯಾನರ್ ಕಟ್ಟುವುದಿಲ್ಲ, ಎಷ್ಟು ಕೊಟ್ಟರು ಅಂತ ಬೋರ್ಡಿನಲ್ಲಿ ಬರೆಯುತ್ತೇವೆ ಅಂತ.

ನಿವೃತ್ತ ಸಿಸ್ಟರ್

ಅಷ್ಟು ಷರತ್ತಿಗೆ ಒಪ್ಪಿ ಕೊಡುವವರಿದ್ದರೆ ತಗೊಳ್ಳಲಿ ತಮ್ಮ. ನನ್ನ ಅನುಭವದಲ್ಲಿ ನಂಬರ್ ಕೊಡುವುದಿಲ್ಲ ಅಂದ ದಿನವೇ ಮಾತುಕತೆ ನಿಲ್ಲುತ್ತದೆ.

ಖಜಾಂಚಿ, ಹಾಸನ

ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಂಡೆ. ನಿನ್ನೆ ಟ್ರಸ್ಟಿಗಳ ಸಭೆ ಇತ್ತು, ಓದಿ ಹೇಳಿದೆ. ಎರಡು ಗಂಟೆ ಚರ್ಚೆ ಆಯಿತು.

ಮೊದಲು ಬೇಲೂರಿನ ತಂಗಿಯ ಮಾತು. ನಮ್ಮಲ್ಲೂ ಇದ್ದ ರೋಗಿಯ ಟಿಕೆಟ್ ಮಾತ್ರ ಅನ್ನುವ ನಿಯಮ ತೆಗೆದು "ರೋಗಿ ಮತ್ತು ಜೊತೆಯವರ ಪ್ರಯಾಣ" ಅಂತ ಮಾಡಿದೆವು. ರೈಲಿನ ಪತ್ರದ ನಮೂನೆ ತಂದು ಆಫೀಸಿನಲ್ಲಿ ಇಡುತ್ತೇವೆ. ಸಿಸ್ಟರ್ ಹೇಳಿದ್ದನ್ನು ನಿರ್ಣಯವಾಗಿ ಬರೆದೆವು: ಆಸ್ಪತ್ರೆ ಅಥವಾ ಔಷಧಿ ಕಂಪನಿಗೆ ರೋಗಿಯ ವಿವರ ಕೊಡುವುದಿಲ್ಲ. ಅವರ ದೇಣಿಗೆ ಬಗ್ಗೆ ಇಬ್ಬರು ಟ್ರಸ್ಟಿಗಳಿಗೆ ಒಮ್ಮತ ಇಲ್ಲ, ಮುಂದಿನ ಸಭೆಗೆ ಹೋಗಿದೆ. ಲೆಕ್ಕದ ಸಾಲು ಬದಲಾಗಿದೆ. ವಂತಿಗೆ ಪುಸ್ತಕ ಪ್ರಿಂಟಿಗೆ ಕೊಟ್ಟಿದ್ದೇವೆ. ಪ್ರತಿ ತಿಂಗಳ ಜಮಾ ಖರ್ಚನ್ನು ಬಾಗಿಲಿಗೆ ಅಂಟಿಸುತ್ತೇವೆ. ಸಂಬಳವೂ ಅದರಲ್ಲಿ ಇರುತ್ತದೆ, ಎಷ್ಟು ಅಂತಲೂ ಇರುತ್ತದೆ.

ಆ ಹುಡುಗಿಗೆ ಈ ಚರ್ಚೆ ತೋರಿಸಿದೆ. ಓದುತ್ತಾ ಇದ್ದಳು, ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದಳು.

ಮೂಡಿಗೆರೆ ಕಾಫಿ

ಬಾಗಿಲಿಗೆ ಅಂಟಿಸುತ್ತೀರಿ ಅಂದಿರಲ್ಲ, ನನಗೆ ಅಷ್ಟು ಸಾಕು. ಮಾರ್ಚ್‌ನಲ್ಲಿ ಒಟ್ಟಿಗೆ ಕೊಡುವ ಬದಲು ಆ ದುಡ್ಡನ್ನು ನನ್ನ ಖಾತೆಯಲ್ಲೇ ಇಟ್ಟು ತಿಂಗಳು ತಿಂಗಳು ಬರುವ ಹಾಗೆ ಬ್ಯಾಂಕಿಗೆ ಬರೆದುಕೊಡುತ್ತೇನೆ. ಮಳೆಗಾಲದ ನಾಲ್ಕು ತಿಂಗಳು ದುಪ್ಪಟ್ಟು. ಮಗನ ಹತ್ತಿರ ಕೇಳಿದೆ, ಪಾಸ್‌ಪೋರ್ಟ್ ಇನ್ನೂ ನಮ್ಮದೇ ಅಂತೆ. ರಸೀದಿಯಲ್ಲಿ ಯಾವ ಬಾಬ್ತು ಅಂತ ಬರೆಯುತ್ತೀರೋ ಅಲ್ಲಿ ಇಬ್ಬರದ್ದೂ "ಫೋನ್ ಎತ್ತುವವರ ಸಂಬಳಕ್ಕೆ" ಅಂತಲೇ ಬರೆಯಿರಿ.